ಬ್ರೌನ್ ಪೇಪರಿನ ಮೇಲೆ ತುರಹಳ್ಳಿ ಕಾಡು

ನೈಸ್ ರಸ್ತೆಯ ಲಾರಿಗಳ ಸದ್ದು ಕಿವಿಗೆ ಬೀಳುತ್ತಿತ್ತು. ಮರಗಳ ಸಂದಿಯಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ಕಾಣುತ್ತಿತ್ತು. ಆದರೂ ಹೊರಗೆ ಬರುವ ದಾರಿ ಸಿಗದೆ ನಾವು ಮೂವರು ಹೆಂಗಸರು ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿ ಕಾಡಿನೊಳಗೆ ಒಂದೂಕಾಲು ಗಂಟೆ ಸುತ್ತಿದೆವು. ಮೂರು ಸಲ ಅದೇ ಹೊಂಗೆ ಮರದ ಬುಡಕ್ಕೇ ಬಂದು ನಿಂತೆವು. 2021ರ ಅಕ್ಟೋಬರ್ ಅದು. ಮಳೆಗೆ ಲಂಟಾನ ಆಳೆತ್ತರ ಬೆಳೆದಿತ್ತು. ಇಡೀ ಕಾಡು ಸುಮಾರು 600 ಎಕರೆ, ಕೋಣನಕುಂಟೆಯ ನಮ್ಮ ಮನೆಯಿಂದ ದೂರವೇನಲ್ಲ. ಇಷ್ಟು ಚಿಕ್ಕ ಕಾಡಿನಲ್ಲಿ ದಾರಿ ತಪ್ಪಬಹುದು ಅಂತ ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಕೊನೆಗೆ ನಮ್ಮನ್ನು ಹೊರಗೆ ತಂದವರು ಅಲ್ಲೇ ಪಕ್ಕದ ಊರಿನ ಒಬ್ಬ ತಾತ. ಹುಡುಗನಾಗಿದ್ದಾಗ ಅದೇ ಗುಡ್ಡದಲ್ಲಿ ದನ ಮೇಯಿಸಿದವರು. ನಮ್ಮ ಮುಖ ನೋಡಿದ ಕೂಡಲೇ ಅವರಿಗೆ ವಿಷಯ ಗೊತ್ತಾಯಿತು. ದಾರಿ ತೋರಿಸುತ್ತಾ ಒಂದು ಮಾತು ಹೇಳಿದರು: “ಹೋಗ್ತಾ ಮುಂದೆ ನೋಡ್ಕಂಡ್ ಹೋದ್ರಿ ಕಣಮ್ಮಾ. ಬರೋವಾಗ ಎದುರಿಗೆ ಬರೋದು ನಿಮ್ ಬೆನ್ನಿಂದೆ ಇದ್ದ ಕಾಡು. ಅದನ್ನ ಒಂದ್ಸಲನಾದ್ರೂ ತಿರುಗಿ ನೋಡಿದ್ರಾ?”

ನೋಡಿರಲಿಲ್ಲ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೋಗುವಾಗ ಪಕ್ಕದಿಂದ ಇನ್ನೊಂದು ಕಾಲುದಾರಿ ಬಂದು ನಮ್ಮ ದಾರಿಗೆ ಸೇರಿಕೊಂಡರೆ ಅದು ಕಣ್ಣಿಗೇ ಬೀಳುವುದಿಲ್ಲ, ನಾವು ನೇರ ನಡೆದುಬಿಡುತ್ತೇವೆ. ಬರುವಾಗ ಅದೇ ಜಾಗ ಎರಡು ಕವಲಾಗಿ ಎದುರು ನಿಲ್ಲುತ್ತದೆ. ಹೋಗುವಾಗ ಒಂದೇ ದಾರಿ ಇದ್ದ ಕಡೆ ಬರುವಾಗ ಏಳೆಂಟು ಕವಲು. ನಾವು ತಪ್ಪಿದ್ದು ಅಲ್ಲಿ.

ನಾನು ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಬ್ಲೌಸು, ಚೂಡಿದಾರ್ ಹೊಲಿಯುತ್ತೇನೆ. ದಿನವಿಡೀ ಕೂತು ಕೂತು ಮಂಡಿ ಹಿಡಿದಾಗ ಡಾಕ್ಟರು ನಡೆಯಲು ಹೇಳಿದರು. ಎದುರುಮನೆ ಅಕ್ಕನಿಗೂ ಸಕ್ಕರೆ ಕಾಯಿಲೆ. ಇಬ್ಬರೂ ಸೇರಿ ಪಾರ್ಕಿನಲ್ಲಿ ಸುತ್ತುತ್ತಿದ್ದೆವು. ತುರಹಳ್ಳಿಯ ಹೆಸರು ಮನಸ್ಸಿಗೆ ಬಂದದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಆ ಕಾಡಿನಲ್ಲಿ ಟ್ರೀ ಪಾರ್ಕ್, ಅಂದರೆ ಕಾಡನ್ನೇ ಉದ್ಯಾನದಂತೆ ಮಾಡುವ ಪ್ರಸ್ತಾವ ಬಂದು, ಸುತ್ತಲಿನ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು ವಿರೋಧಿಸಿದ್ದರು. ಬಟ್ಟೆ ಕೊಡಲು ಬಂದವರೆಲ್ಲ ಅದೇ ಮಾತು. ಯೋಜನೆ ನಿಂತಿತು. ಜನ ಅಷ್ಟು ಹಟ ಹಿಡಿದು ಉಳಿಸಿಕೊಂಡ ಜಾಗ ಹೇಗಿದೆ ನೋಡೋಣ ಅಂತ ಹೊರಟವಳು ನಾನು.

ದಾರಿ ತಪ್ಪಿದ ರಾತ್ರಿ, ಬ್ಲೌಸಿನ ಕಟಿಂಗ್‌ಗೆ ಬಳಸುವ ಬ್ರೌನ್ ಪೇಪರ್ ಒಂದು ಹಾಳೆ ಹಾಸಿಕೊಂಡು ಕೂತೆ. ಮೈ ಅಳತೆ ತೆಗೆದು ಕಾಗದದ ಮೇಲೆ ಇಳಿಸುವುದೇ ನನ್ನ ಕಸುಬು. ಕಾಡಿನ ಅಳತೆಯನ್ನೂ ಹಾಗೆಯೇ ಇಳಿಸಬಹುದಲ್ಲ ಅನ್ನಿಸಿತು.

ಮೊದಲು ನನ್ನ ಹೆಜ್ಜೆಯನ್ನೇ ಅಳೆದೆ. ಮನೆ ಮುಂದಿನ ರಸ್ತೆಯಲ್ಲಿ ಮಾಮೂಲಿ ನಡಿಗೆಯಲ್ಲಿ ನಡೆದು ಟೇಪು ಹಿಡಿದರೆ ಒಂದು ಹೆಜ್ಜೆಗೆ 26 ಇಂಚು. ಬಲಗಾಲು ನೆಲಕ್ಕೆ ಬಿದ್ದಾಗ ಮಾತ್ರ ಎಣಿಸಿದರೆ ಒಂದು ಎಣಿಕೆಗೆ 52 ಇಂಚು, ನೂರು ಎಣಿಕೆಗೆ 132 ಮೀಟರ್. ನೂರು ಆದ ಕೂಡಲೇ ಎಡ ಜೇಬಿನಿಂದ ಬಲ ಜೇಬಿಗೆ ಒಂದು ಷರ್ಟಿನ ಗುಂಡಿ ಹಾಕುವುದು. ಎಣಿಕೆ ತಪ್ಪುವುದೇ ಇಲ್ಲ, ಮಧ್ಯೆ ಮಾತಾಡಿದರೂ ಪರವಾಗಿಲ್ಲ. ಕಾಗದದ ಮೇಲೆ ಒಂದು ಗುಂಡಿಗೆ ಒಂದು ಇಂಚು. ಈ ಲೆಕ್ಕದಲ್ಲಿ ಇಡೀ ಕಾಡು ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಏರಿನಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ. ಅಲ್ಲಿ 120 ಎಣಿಕೆಗೆ ಒಂದು ಗುಂಡಿ ಹಾಕಿದರೆ ಸರಿಯಾಗುತ್ತದೆ ಅಂತ ಎರಡು ತಿಂಗಳ ಮೇಲೆ ಗೊತ್ತಾಯಿತು. ದಿಕ್ಕಿಗೆ ಫೋನಿನ ಕಂಪಾಸ್ ಇತ್ತು. ಜೊತೆಗೆ ಕಿವಿ. ಪೂರ್ವಕ್ಕೆ ಕನಕಪುರ ರಸ್ತೆ, ಅಲ್ಲಿ ಮೆಟ್ರೋ ರೈಲು ಹೋಗುತ್ತದೆ. ನೈಋತ್ಯಕ್ಕೆ ನೈಸ್ ರಸ್ತೆ, ಅಲ್ಲಿ ಲಾರಿಗಳ ಒಂದೇ ಸಮನೆ ಮೊರೆತ. ಆದರೆ ದೊಡ್ಡ ಬಂಡೆಗಳ ನಡುವೆ ನಿಂತಾಗ ಸದ್ದು ಬಂಡೆಗೆ ಬಡಿದು ಬೇರೆ ಕಡೆಯಿಂದ ಬಂದಂತೆ ಕೇಳುತ್ತದೆ. ಮೊದಲ ದಿನ ನಮ್ಮನ್ನು ತಿರುಗಿಸಿದ್ದರಲ್ಲಿ ಅದರ ಪಾಲೂ ಇತ್ತು.

ಫೋನಿನಲ್ಲೇ ಮ್ಯಾಪ್ ಇರುವಾಗ ಇದೆಲ್ಲ ಯಾಕೆ ಅಂತ ಮಗ ಕೇಳಿದ. ಫೋನು ನಾನು ಎಲ್ಲಿದ್ದೇನೆ ಅಂತ ಹೇಳುತ್ತದೆ ನಿಜ, ಅದನ್ನು ಈಗಲೂ ಇಟ್ಟುಕೊಂಡೇ ಹೋಗುತ್ತೇನೆ. ಆದರೆ ಅದರ ನೀಲಿ ಚುಕ್ಕೆಯನ್ನು ನೋಡಿಕೊಂಡು ನಡೆದ ದಾರಿ ನನಗೆ ಮಾರನೆಯ ವಾರಕ್ಕೆ ನೆನಪಿರುವುದಿಲ್ಲ. ಎಣಿಸಿ, ಬರೆದು, ಮತ್ತೆ ಹೋಗಿ ತಿದ್ದಿದ ದಾರಿ ಮರೆಯುವುದಿಲ್ಲ.

ಬರೆಯುವುದಕ್ಕೂ ಒಂದು ಕ್ರಮ ಮಾಡಿಕೊಂಡೆ. ಒಂದು ದಾರಿಯನ್ನು ಮೊದಲ ಸಲ ನಡೆದರೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ, ಒರೆಸಿದರೆ ಹೋಗುತ್ತದೆ. ಅದೇ ದಾರಿಯನ್ನು ಎರಡೂ ದಿಕ್ಕಿನಿಂದ ನಡೆದ ಮೇಲೆ ಪೆನ್ಸಿಲ್. ಮಳೆ, ಚಳಿ, ಬೇಸಿಗೆ ಮೂರರಲ್ಲೂ ನಡೆದ ಮೇಲೆ ಮಾತ್ರ ಸ್ಕೆಚ್ ಪೆನ್ನು. ಪ್ರತಿ ಕವಲಿನಲ್ಲೂ ನಿಂತು, ಪೂರ್ತಿ ಹಿಂದೆ ತಿರುಗಿ, ವಾಪಸ್ ಬರುವಾಗ ಕಾಣುವ ಗುರುತೊಂದನ್ನು ಬರೆದುಕೊಳ್ಳುತ್ತಿದ್ದೆ: ‘ಸೀಳು ಬಂಡೆ ಎಡಕ್ಕೆ ಇರಬೇಕು’, ‘ಬಾಗಿದ ಬೇಲದ ಮರ ಎದುರು’. ಅಕ್ಕನಿಗೆ ಮೊದಮೊದಲು ಈ ನಿಲ್ಲುವಿಕೆಯಿಂದ ಬೇಸರ. ಒಂದು ತಿಂಗಳಾದ ಮೇಲೆ ನನಗಿಂತ ಮುಂಚೆ ಅವರೇ ತಿರುಗಿ ನೋಡಿ ಗುರುತು ಹೇಳತೊಡಗಿದರು. ಒಂದು ವರ್ಷ ಕಳೆಯುವ ಹೊತ್ತಿಗೆ ಸ್ಕೆಚ್ ಪೆನ್ನಿಗೆ ಏರಿದ್ದು ಒಂಬತ್ತು ದಾರಿ. ಸೀಮೆಸುಣ್ಣದಲ್ಲೇ ಉಳಿದು ಅಳಿಸಿಹೋದವು ಅದಕ್ಕಿಂತ ಹೆಚ್ಚು.

ಅಳಿಸಿಹೋದದ್ದಕ್ಕೆ ಕಾರಣವಿದೆ. ಕಾಡಿನಲ್ಲಿ ಕಾಣುವ ಜಾಡೆಲ್ಲ ದಾರಿಯಲ್ಲ. ಇದನ್ನೂ ಕಲಿಸಿದವರು ಆ ತಾತನೇ, ಭಾನುವಾರ ಗೇಟಿನ ಹತ್ತಿರ ಸಿಕ್ಕಾಗಲೆಲ್ಲ ಅವರನ್ನು ಮಾತಾಡಿಸುತ್ತಿದ್ದೆ. ಜನ ನಡೆದ ದಾರಿ ಮಧ್ಯೆ ಸವೆದು ಗಟ್ಟಿಯಾಗಿರುತ್ತದೆ, ತಲೆಯ ಮಟ್ಟಕ್ಕೆ ಕೊಂಬೆ ಮುರಿದಿರುತ್ತದೆ. ದನದ ದಾರಿ ಅಗಲವಾಗಿಯೇ ಇರುತ್ತದೆ, ಆದರೆ ಸೊಂಟದ ಮೇಲೆ ಪೊದೆ ಮುಚ್ಚಿಕೊಂಡಿರುತ್ತದೆ. ಯಾಕೆಂದರೆ ದನಕ್ಕೆ ಅಷ್ಟು ಎತ್ತರ ಬೇಕಿಲ್ಲ. ಅದು ಊರಿಗೆ ಹೋಗುವುದಿಲ್ಲ, ಮೇವಿದ್ದಲ್ಲಿ ಹತ್ತು ಎಳೆಯಾಗಿ ಹರಡಿ ಮಾಯವಾಗುತ್ತದೆ. ಮೂರನೆಯದು ನೀರಿನ ದಾರಿ. ನೋಡಲು ಎಲ್ಲಕ್ಕಿಂತ ಚೊಕ್ಕಟ: ಮರಳು, ಎಲೆಯಿಲ್ಲ, ಇಳಿಜಾರಿಗೆ ಸರಿಯಾಗಿ ಇಳಿದಿರುತ್ತದೆ. ನಂಬಿ ಇಳಿದರೆ ಕೊರಕಲಿಗೆ ಕೊಂಡೊಯ್ದು ನಿಲ್ಲಿಸುತ್ತದೆ. ಸೈಕಲ್ಲಿನವರು ಮಾಡಿದ ಜಾಡು ಇನ್ನೊಂದು ಬಗೆ. ತೀರಾ ಕಿರಿದು, ಬಂಡೆಗಳನ್ನು ಬಳಸಿ ಬಳಸಿ ಹೊರಟಲ್ಲಿಗೇ ಬರುತ್ತದೆ. ಆ ಅಕ್ಟೋಬರಿನಲ್ಲಿ ನಾವು ಮೂರು ಸಲ ಹೊಂಗೆ ಮರಕ್ಕೆ ಬಂದದ್ದು ಅಂಥ ಜಾಡಿನಲ್ಲಿ.

ಕಾಲಮಾನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಂದೇ ದಾರಿ ಮೂರು ಕಾಲದಲ್ಲಿ ಮೂರು ದಾರಿಯಾಗುತ್ತದೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಲಂಟಾನ, ಬಂದರಿಕೆ, ಹುಲ್ಲು ಸೇರಿಕೊಂಡು ಗುರುತುಗಳನ್ನೆಲ್ಲ ನುಂಗಿಬಿಡುತ್ತವೆ. ಹಾಸುಬಂಡೆಗಳ ಮೇಲಿನ ದೊಣೆಗಳಲ್ಲಿ ನೀರು ನಿಂತು ಕಪ್ಪೆಮರಿ ತುಂಬಿರುತ್ತವೆ. ಮಳೆ ಬಿಟ್ಟ ಬೆಳಿಗ್ಗೆ ನೀಲಿ ಹುಲಿ ಚಿಟ್ಟೆಗಳು ಗುಂಪುಗುಂಪಾಗಿ ಹಾದುಹೋಗುವುದನ್ನು ಎರಡು ವರ್ಷ ನೋಡಿದ್ದೇನೆ. ಡಿಸೆಂಬರ್‌, ಜನವರಿ ಹೊಸಬರಿಗೆ ಒಳ್ಳೆಯ ಕಾಲ. ಪೊದೆ ತೆಳುವಾಗಿ ದೂರ ಕಾಣುತ್ತದೆ, ಹಕ್ಕಿಗಳೂ ಹೆಚ್ಚು. ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗವನ್ನು ನಾನು ಮೊದಲು ನೋಡಿದ್ದು ಇಲ್ಲೇ. ತರಗೆಲೆ ಕೆದಕುತ್ತಿತ್ತು, ಹೊಟ್ಟೆಯ ಕೆಳಗೆ ರೇಷ್ಮೆ ಸೀರೆಯ ಅಂಚಿನ ಕೆಂಪು. ಅದು ಇದ್ದ ಜಾಗದ ಕಾಲುದಾರಿಯನ್ನು ನಾನು ಬೇರೆಯವರಿಗೆ ಕೊಡುವ ನಕ್ಷೆಯಲ್ಲಿ ಹಾಕುವುದಿಲ್ಲ. ಕ್ಯಾಮೆರಾ ಹಿಡಿದು ಹತ್ತು ಜನ ಸೇರಿದರೆ ಹಕ್ಕಿ ಮೇಯುವುದೆಲ್ಲಿ?

ಫೆಬ್ರವರಿ ಕಳೆದರೆ ಬೇರೆ ಕಾಡು. ನೀಲಗಿರಿಯ ತೊಗಟೆ ಸುರುಳಿಸುರುಳಿಯಾಗಿ ಉದುರಿ, ಎಲೆಯ ಜೊತೆ ಇಳಿಜಾರಿನಲ್ಲಿ ಹಾಸಿಕೊಂಡಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ಆ ಎಲೆಯಲ್ಲಿ ಎಣ್ಣೆ ಇರುವುದರಿಂದ ಒಂದು ಬೀಡಿ ತುಂಡು ಸಾಕು ಹೊತ್ತಿಕೊಳ್ಳಲು. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಅಂತ ಅರಣ್ಯದವರು ಪಟ್ಟಿಯಂತೆ ನೆಲ ಹೆರೆದು ತರಗು ತೆಗೆಯುತ್ತಾರೆ. ಹೊಸಬರು ಅದನ್ನೇ ದಾರಿ ಅಂದುಕೊಂಡು ನಡೆಯುತ್ತಾರೆ, ಅದು ಎಲ್ಲೂ ಸೇರುವುದಿಲ್ಲ. ನೀಲಗಿರಿ ತೋಪಿನೊಳಗೆ ನಡೆಯುವುದಕ್ಕೂ ಅದರ ಪಕ್ಕದ ಕುರುಚಲು ಕಾಡಿನಲ್ಲಿ ನಡೆಯುವುದಕ್ಕೂ ಇರುವ ವ್ಯತ್ಯಾಸ ಕಣ್ಣುಮುಚ್ಚಿದರೂ ಗೊತ್ತಾಗುತ್ತದೆ. ತೋಪಿನಲ್ಲಿ ಎಲೆಯ ಸರಸರ ಬಿಟ್ಟರೆ ಸದ್ದಿಲ್ಲ. ಕವಳೆ, ಕಾರೆ, ಎಲಚಿ, ಬೆಪ್ಪಾಲೆ, ಕಕ್ಕೆ ಬೆಳೆದ ಕಡೆ ಪಿಕಳಾರ, ಗೌಜಲಹಕ್ಕಿ, ನವಿಲು ಒಂದಾದ ಮೇಲೊಂದು ಕೂಗುತ್ತವೆ. ಆ ಮುಳ್ಳುಪೊದೆಗಳನ್ನು ಕಂಡು ‘ಪಾಳುಬಿದ್ದಿದೆ, ಕಡಿದು ಚೆನ್ನಾಗಿ ಹೂವಿನ ಗಿಡ ಹಾಕಬಹುದಿತ್ತು’ ಅನ್ನುವವರು ಈಗಲೂ ಸಿಗುತ್ತಾರೆ. ನಾನು ಅವರನ್ನು ಜೂನಿನಲ್ಲಿ ಒಂದು ಸಲ ಕರೆದುಕೊಂಡು ಹೋಗಿ ಕವಳೆ ಹಣ್ಣು ತಿನ್ನುವ ಹಕ್ಕಿಗಳನ್ನು ತೋರಿಸುತ್ತೇನೆ. ಈ ನೆಲದ ಕಾಡು ಇರುವುದೇ ಹೀಗೆ, ಕುಳ್ಳಗೆ, ಮುಳ್ಳಾಗಿ. ಇದಕ್ಕೆ ಮಲೆನಾಡಿನ ವೇಷ ಹಾಕಲು ಹೋದರೆ ಇಲ್ಲಿರುವ ಜೀವಗಳಿಗೆ ಜಾಗ ಉಳಿಯುವುದಿಲ್ಲ.

ಕಾಲಿಗೆ ಹಾಕುವುದರ ಬಗ್ಗೆ ತುಂಬ ಜನ ಕೇಳುತ್ತಾರೆ. ದುಬಾರಿ ಬೂಟು ಬೇಡ, ಹಲ್ಲು ಸವೆಯದ ರಬ್ಬರ್ ಅಡಿಯ ಕ್ಯಾನ್ವಾಸ್ ಶೂ ಸಾಕು. ಚಪ್ಪಲಿಯಲ್ಲಿ ಮಾತ್ರ ಹೋಗಬೇಡಿ, ನೆಗ್ಗಿಲ ಮುಳ್ಳು ಅಡಿಯನ್ನು ತೂರಿಕೊಂಡು ಬರುತ್ತದೆ. ಉತ್ತರಾಣಿ ಮತ್ತು ಚುಚ್ಚುವ ಹುಲ್ಲಿನ ತೆನೆ ಪ್ಯಾಂಟಿನ ಕಾಲಿಗೆ ಮೆತ್ತಿಕೊಂಡು ಗಂಟೆಗಟ್ಟಲೆ ಕೀಳಬೇಕಾಗುತ್ತಿತ್ತು. ಅದಕ್ಕೆ ಹಳೇ ಜೀನ್ಸ್ ಕತ್ತರಿಸಿ ಮಂಡಿಯ ಕೆಳಗಿನಿಂದ ಶೂ ಮುಚ್ಚುವವರೆಗೆ 14 ಇಂಚಿನ ಕಾಲುಪಟ್ಟಿ ಹೊಲಿದೆ. ಮೊದಲು ವೆಲ್ಕ್ರೋ ಹಾಕಿದ್ದೆ. ಹುಲ್ಲಿನ ತೆನೆ ಅದರಲ್ಲೇ ತುಂಬಿಕೊಂಡು ಎರಡೇ ವಾರಕ್ಕೆ ಹಿಡಿತ ಹೋಯಿತು. ಟಿಚ್ ಬಟನ್‌ಗೆ ಬದಲಾಯಿಸಿದೆ. ಜೀನ್ಸ್ ಬೆಳಗಿನ ಮಂಜಿಗೆ ನೆಂದು ಭಾರವಾಗುತ್ತದೆ ಅಂತ ಮಳೆಗಾಲಕ್ಕೆ ಹಳೆಯ ಛತ್ರಿ ಬಟ್ಟೆಯದ್ದು ಬೇರೆ ಮಾಡಿಕೊಂಡೆ. ಒಳಗೆ ತೆಳು ಕೋರಾ ಬಟ್ಟೆಯ ಲೈನಿಂಗ್ ಕೊಟ್ಟರೆ ಬೆವರು ಹೀರುತ್ತದೆ. ಈಗ ನಮ್ಮ ಗುಂಪಿನ ಎಂಟೂ ಜನರ ಕಾಲಿಗೆ ಇದೇ ಪಟ್ಟಿ.

ಹಾವಿನ ಭಯದ ಬಗ್ಗೆ ನೇರವಾಗಿ ಹೇಳುತ್ತೇನೆ. ನಾಲ್ಕು ವರ್ಷದಲ್ಲಿ ದಾರಿಯ ಮೇಲೆ ಹತ್ತಿರದಿಂದ ಕಂಡದ್ದು ಒಂದೇ ಸಲ. ಡಿಸೆಂಬರಿನ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದ ಕೊಳಕುಮಂಡಲ. ಮುಂದೆ ಇದ್ದವಳು ನಾನು. ಕುಕ್ಕರಿನ ಸೀಟಿಗೆ ಮುಂಚೆ ಆವಿ ನುಗ್ಗುವಂಥ ಸದ್ದು ಬಂತು, ಕಾಲು ಅಲ್ಲೇ ನಿಂತಿತು. ಮೆಲ್ಲಗೆ ಹಿಂದಕ್ಕೆ ಬಂದೆವು. ಹತ್ತು ನಿಮಿಷ ಕಾದರೂ ಅದು ಏಳಲಿಲ್ಲ, ಆ ದಾರಿ ಅವತ್ತಿಗೆ ಬಿಟ್ಟು ತಿರುಗಿಬಂದೆವು. ಕಲ್ಲು ಹೊಡೆಯೋಣ ಅಂದ ಹುಡುಗನೊಬ್ಬನನ್ನು ಅಕ್ಕ ಗದರಿದರು, ಅದರ ಮನೆಗೆ ನಾವು ಬಂದಿರುವುದಲ್ಲವೇ ಅಂತ. ಯಾರಿಗಾದರೂ ಕಚ್ಚಿದರೆ ಕಟ್ಟು ಬಿಗಿಯಬಾರದು, ಕೊಯ್ಯಬಾರದು, ಬಾಯಿಯಿಂದ ಹೀರಬಾರದು. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ವಿಷಕ್ಕೆ ಔಷಧಿ ಇರುವ ಆಸ್ಪತ್ರೆಗೆ ನೇರ ಕರೆದುಕೊಂಡು ಹೋಗಬೇಕು. ನಾವು ಅಂಥ ಆಸ್ಪತ್ರೆಯ ನಂಬರ್ ಮೊದಲೇ ಬರೆದಿಟ್ಟುಕೊಂಡಿದ್ದೇವೆ.

ಹಾವಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಹೊತ್ತಿನ ವಿಷಯದಲ್ಲಿ. ಈ ಕಡೆ ಚಿರತೆ ಓಡಾಡಿದ ಸುದ್ದಿ ಆಗಾಗ ಬರುತ್ತದೆ, ನಿರ್ಜನ ಜಾಗದಲ್ಲಿ ಕೆಟ್ಟ ಜನರ ಭಯವೂ ಇದ್ದೇ ಇದೆ. ಪೂರ್ತಿ ಬೆಳಕಾದ ಮೇಲೆ ಒಳಗೆ ಹೋಗುತ್ತೇವೆ, ಒಂಬತ್ತೂವರೆಗೆ ಹೊರಗಿರುತ್ತೇವೆ. ಮೂವರಿಗಿಂತ ಕಡಿಮೆ ಇದ್ದರೆ ಹೊರಡುವುದಿಲ್ಲ. ಯಾವ ದಾರಿ ಅಂತ ಮನೆಯಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿಯೇ ಬರುವುದು. ಗೇಟಿನ ಫಲಕ ಓದುತ್ತೇವೆ, ಗಾರ್ಡ್ ಇವತ್ತು ಈ ಕಡೆ ಬೇಡ ಅಂದರೆ ಹೋಗುವುದಿಲ್ಲ. ತಲೆಗೆ ಒಂದೂವರೆ ಲೀಟರ್ ನೀರು, ಕಡಲೆಬೀಜ, ಬೆಲ್ಲ, ಸೌತೆಕಾಯಿ. ಸಿಪ್ಪೆಯೂ ವಾಪಸ್ ಚೀಲಕ್ಕೆ.

ಮೂರು ವರ್ಷ ಬೇರೆಲ್ಲಿಗೂ ಹೋಗಲಿಲ್ಲ. ನಂದಿಬೆಟ್ಟ, ಸ್ಕಂದಗಿರಿ, ಮಾಕಳಿದುರ್ಗ ಅಂತ ವಾರಕ್ಕೊಂದು ಬೆಟ್ಟ ಹತ್ತುವವರ ಫೋಟೋಗಳು ನನ್ನ ಫೋನಿಗೂ ಬರುತ್ತಿದ್ದವು. ಒಂದನ್ನು ಪೂರ್ತಿ ಕಲಿಯದೆ ಇನ್ನೊಂದಕ್ಕೆ ಹೋಗುವುದು ನನಗೆ ಒಗ್ಗಲಿಲ್ಲ. ಕುಪ್ಪಸದ ತೋಳು ಕೂರಿಸಲು ಬಾರದೆ ಕೋಟು ಹೊಲಿಯಲು ಯಾರೂ ಹೋಗುವುದಿಲ್ಲ. 2025ರ ಜನವರಿಯಲ್ಲಿ, ನಾವು ಐವರು, ಮೊದಲ ಸಲ ಸಾವನದುರ್ಗಕ್ಕೆ ಹೊರಟೆವು. ಮುಂಗಡ ಬುಕಿಂಗ್ ಮಗನ ಕೈಲಿ ಮಾಡಿಸಿ, ಗುರುತಿನ ಚೀಟಿ ಇಟ್ಟುಕೊಂಡು, ಮಾಗಡಿಗೆ ಬಸ್ಸು. ಅಲ್ಲಿಂದ ಬೆಟ್ಟದ ಬುಡಕ್ಕೆ ಸುಮಾರು 12 ಕಿಲೋಮೀಟರ್.

ಕೆಳಗೆ ವೀರಭದ್ರಸ್ವಾಮಿ ಗುಡಿ, ನರಸಿಂಹಸ್ವಾಮಿ ಗುಡಿ. ಮೇಲೆ ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು. ಜನ ಹತ್ತುವುದು ಕರಿಗುಡ್ಡ. ಸಮುದ್ರಮಟ್ಟದಿಂದ 1,226 ಮೀಟರ್, ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಅನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಕರಗಿದ್ದ ಕಲ್ಲು ತಣ್ಣಗಾಗಿ ಗಟ್ಟಿಯಾದ ಗ್ರಾನೈಟ್ ಇದು. ರಾಮನಗರದ ಬೆಟ್ಟಗಳೂ ಅದೇ ಸಾಲಿನವು. ತುರಹಳ್ಳಿಯಲ್ಲಿ ನನಗೆ ಕಾಲುದಾರಿಯನ್ನು ಓದಲು ಬಂದಿತ್ತು, ಇಲ್ಲಿ ಕಾಲುದಾರಿಯೇ ಇಲ್ಲ. ಬರಿಯ ಬಂಡೆ. ಅಲ್ಲಲ್ಲಿ ಬಣ್ಣದ ಬಾಣದ ಗುರುತು ಅಷ್ಟೇ. ಸ್ವಲ್ಪ ಹೊತ್ತು ಕಾಲು ನಡುಗಿತು. ಆಮೇಲೆ ನಮ್ಮ ಪಾಠ ಇಲ್ಲೂ ನಡೆಯುತ್ತದೆ ಅಂತ ಗೊತ್ತಾಯಿತು. ಬಂಡೆಯ ಮೇಲೆ ಮಳೆಗಾಲದಲ್ಲಿ ನೀರು ಇಳಿದ ಜಾಗದಲ್ಲೆಲ್ಲ ಕಪ್ಪು ಪಟ್ಟೆ ಇರುತ್ತದೆ. ಅದು ಒಣಗಿದ ಪಾಚಿ, ಒದ್ದೆಯಾದರೆ ಸೋಪಿನಂತೆ. ಅದು ಇಲ್ಲಿನ ನೀರಿನ ದಾರಿ. ಅದನ್ನು ಬಿಟ್ಟು, ತಿಳಿ ಬಣ್ಣದ ಒರಟು ಕಲ್ಲಿನ ಮೇಲೆ, ಅಡಿಪಾದ ಪೂರ್ತಿ ಊರಿ ಹತ್ತಿದರೆ ಶೂ ಹಿಡಿಯುತ್ತದೆ. ಕೆಲವು ಕಡೆ ಬಂಡೆ ಈರುಳ್ಳಿ ಸಿಪ್ಪೆಯಂತೆ ಹಾಳೆಹಾಳೆಯಾಗಿ ಬಿಟ್ಟಿರುತ್ತದೆ. ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಅಂಥ ಹಾಳೆಯ ಮೇಲೆ ಹೆಜ್ಜೆ ಇಡಬಾರದು. ಮಳೆಯಲ್ಲಿ ಈ ಬೆಟ್ಟಕ್ಕೆ ಹೋಗಲೇಬಾರದು ಅನ್ನುವುದನ್ನು ನಾನು ಕೈಮುಗಿದು ಹೇಳುತ್ತೇನೆ.

ನಡುವೆ ಕೋಟೆಯ ಗೋಡೆಗಳು ಬರುತ್ತವೆ. ಮಾಗಡಿ ಕೆಂಪೇಗೌಡರ ಹೆಸರಿನ ಜೊತೆ ಬೆಸೆದ ದುರ್ಗ. ಆಮೇಲೆ ಮೈಸೂರಿನ ವಶದಲ್ಲಿದ್ದಾಗ 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಇದನ್ನು ಹಿಡಿಯಿತು. ಬರಿಗೈಯಲ್ಲಿ ಹತ್ತಲು ನಾವು ಇಷ್ಟು ಏದುಸಿರು ಬಿಡುವಾಗ, ಈ ಗೋಡೆಯ ಒಂದೊಂದು ಕಲ್ಲನ್ನೂ ಹೊತ್ತವರ ಬೆನ್ನು ನೆನೆದು ಅಕ್ಕ ಅಲ್ಲೇ ಸ್ವಲ್ಪ ಹೊತ್ತು ಗೋಡೆ ಮುಟ್ಟಿಕೊಂಡು ಕೂತರು. ನೆತ್ತಿಯಲ್ಲಿ ನಂದಿ ಮಂಟಪ. ಅಲ್ಲಿಂದ ಮಂಚನಬೆಲೆಯ ನೀರು ಹೊಳೆಯುವುದು ಕಾಣಿಸಿತು, ಅರ್ಕಾವತಿಯ ನೀರು. ಪೂರ್ವಕ್ಕೆ ಬೆಂಗಳೂರಿನ ಕಡೆ ಬರೀ ಮಬ್ಬು. ತುರಹಳ್ಳಿಯನ್ನು ಹುಡುಕಿದೆ, ಕಾಣಲಿಲ್ಲ.

ಇಳಿಯುವುದೇ ಹೆಚ್ಚು ಕಷ್ಟ. ಹತ್ತುವಾಗ ಪ್ರತಿ ಗುರುತಿಗೂ ನಿಂತು ಹಿಂದೆ ತಿರುಗಿ ನೋಡಿಕೊಂಡಿದ್ದರಿಂದ ಬಾಣಗಳನ್ನು ಹುಡುಕಬೇಕಾಗಲಿಲ್ಲ. ನಮ್ಮ ಜೊತೆ ಹತ್ತಿದ ಇನ್ನೊಂದು ಗುಂಪಿನ ಹುಡುಗರು ಎಡಕ್ಕೆ ಸರಿದು ಕಡಿದಾದ ಅಂಚಿನ ಕಡೆ ಹೊರಟಿದ್ದರು. ಕೂಗಿ ಕರೆದೆವು. ಅವರೂ ನಮ್ಮ ಹಿಂದೆಯೇ, ಕಡಿದಾದ ಕಡೆ ಕೂತು, ಅಡ್ಡಡ್ಡವಾಗಿ ಇಳಿದರು. ಗುಡಿಯ ಹತ್ತಿರ ಬಂದು ಬಲ ಜೇಬಿನ ಗುಂಡಿ ಎಣಿಸಿದರೆ ಒಂದು ಕಡಿಮೆ. ಮೇಲೆಲ್ಲೋ ಬಂಡೆಯ ಮೇಲೆ ಬಿದ್ದಿದೆ, ಬಿಳಿ ಪ್ಲಾಸ್ಟಿಕ್ಕಿನದು, ನಾಲ್ಕು ಕಣ್ಣಿನದು. ಮತ್ತೆ ಹತ್ತಿ ಹುಡುಕಲು ಹೊತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಅದು ಮನಸ್ಸನ್ನು ಕೊರೆಯುತ್ತಿತ್ತು. ಅಂದಿನಿಂದ ಎಣಿಕೆಗೆ ಗುಂಡಿ ಬಿಟ್ಟು ಹುಣಸೆ ಬೀಜ ಇಟ್ಟುಕೊಂಡಿದ್ದೇನೆ. ಹುರಿದು ಸಿಪ್ಪೆ ತೆಗೆದದ್ದು, ಬಿದ್ದರೂ ಮೊಳೆಯುವುದಿಲ್ಲ, ಇರುವೆ ತಿನ್ನುತ್ತದೆ.